ಕೊಬ್ಬಿನಾಮ್ಲ ಕರಗಿಸಿದ ಕೈ

ಮೆದುಳಿನ ಜೀವಕೋಶಗಳನ್ನು ಸಾಕುವುದು ನನ್ನ ಕೆಲಸವಾಗಿತ್ತು ಎಂದರೆ ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಈಗಲೂ ಯಾರಿಗೂ ಸರಿಯಾಗಿ ಅರ್ಥವಾಗುವುದಿಲ್ಲ. ಲ್ಯಾಬಿನಲ್ಲಿದ್ದೆ ಎಂದ ಕೂಡಲೇ ಶುಗರ್ ರಿಪೋರ್ಟು ತಂದು ಕೈಗಿಡುತ್ತಾರೆ. ಎದುರುಮನೆಯ ಅಜ್ಜಿ ತಿಂಗಳಿಗೊಮ್ಮೆ ಬಂದು, "ನೋಡಪ್ಪ ರುದ್ರೇಶ, ಅನ್ನ ಉಣ್ಬೋದಾ ಬ್ಯಾಡ್ವಾ ಅಂತ ಇದ್ರಲ್ಲಿ ಏನಾರ ಬರೆದವ್ರಾ?" ಎಂದು ಕೇಳುತ್ತಾರೆ. ನನಗೆ ತಿಳಿದಷ್ಟು ಓದಿ ಹೇಳಿ, ಡಾಕ್ಟರ ಹತ್ತಿರ ಕಳಿಸುತ್ತೇನೆ.

ನಾನು ರಕ್ತ ಪರೀಕ್ಷೆ ಮಾಡಿದವನಲ್ಲ. ಚೇಳೂರಿನಿಂದ ತುಮಕೂರಿಗೆ ಬಂದು, ಬಟವಾಡಿಯ ಹತ್ತಿರದ ಒಂದು ಸಂಶೋಧನಾ ಕೇಂದ್ರದಲ್ಲಿ ಟೆಕ್ನಿಷಿಯನ್ ಆಗಿ ಸೇರಿ, ಅಲ್ಲೇ ನಿವೃತ್ತನಾದೆ. ಈಗ ಅಲ್ಲಿಗೆ ಹೊಸದಾಗಿ ಸೇರಿರುವ ಇಬ್ಬರು ಹೆಣ್ಣುಮಕ್ಕಳು ಆಗಾಗ ಫೋನ್ ಮಾಡುತ್ತಾರೆ. ಕೆಲಸದ ವಿಧಾನವೆಲ್ಲ ಅಚ್ಚಾಗಿ ಗೋಡೆಯ ಮೇಲಿದೆ. ಗೋಡೆಯ ಮೇಲೆ ಇಲ್ಲದ್ದನ್ನು ಅವರು ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮೆದುಳಿನೊಳಗೆ ಕಾವಲು ಕಾಯುವ ಒಂದು ಬಗೆಯ ಜೀವಕೋಶಗಳಿವೆ. ಮೈಕ್ರೋಗ್ಲಿಯಾ ಎಂದು ಅವುಗಳ ಹೆಸರು. ರೋಗಾಣು ಬಂದರೆ ನುಂಗುತ್ತವೆ, ಸತ್ತ ಕೋಶಗಳನ್ನು ಬಳಿದು ಹಾಕುತ್ತವೆ. ಕೆರಳಿದರೆ ಕೆಲವು ಪ್ರೋಟೀನುಗಳನ್ನು ಹೊರಗೆ ಚೆಲ್ಲುತ್ತವೆ. ಉರಿಯೂತ ಅನ್ನುವುದು ಅದನ್ನೇ. ಇಲಿಯ ಮೆದುಳಿನಿಂದ ಎಂದೋ ತೆಗೆದು, ತಲೆಮಾರಿನಿಂದ ತಲೆಮಾರಿಗೆ ಬೆಳೆಸಿಕೊಂಡು ಬಂದ ಅಂಥ ಕೋಶಗಳನ್ನು ಪ್ಲಾಸ್ಟಿಕ್ ಫ್ಲಾಸ್ಕಿನಲ್ಲಿ, ಮೈಶಾಖದಷ್ಟೇ ಬಿಸಿಯಿರುವ ಇನ್‌ಕ್ಯುಬೇಟರಿನಲ್ಲಿ ಸಾಕುವುದು ನನ್ನ ಕೆಲಸ. ಎರಡು ಮೂರು ದಿನಕ್ಕೊಮ್ಮೆ ಹೊಸ ಆಹಾರದ ದ್ರವ ಹಾಕಬೇಕು, ಫ್ಲಾಸ್ಕ್ ತುಂಬಿದರೆ ಬೇರೆ ಫ್ಲಾಸ್ಕುಗಳಿಗೆ ಹಂಚಬೇಕು. ಹಬ್ಬಕ್ಕೂ ಅವಕ್ಕೂ ಸಂಬಂಧವಿಲ್ಲ. ಎಷ್ಟೋ ಯುಗಾದಿ ದಿನ ಮನೆಯಲ್ಲಿ ಪೂಜೆ ಮುಗಿಸಿ, ಹೋಳಿಗೆ ತಿನ್ನುವ ಮೊದಲು ಓಡಿಹೋಗಿ ಬಂದಿದ್ದೇನೆ.

ನನಗೆ ಕೆಲಸ ಕಲಿಸಿದವರು ನಜೀಮಾ ಮೇಡಂ. ಕುಣಿಗಲ್‌ನವರು, ಅಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದರು. ಮೊದಲ ದಿನ ನಾನು ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಹೋಗಿದ್ದೆ. ಶುದ್ಧ ಗಾಳಿ ಬೀಸುವ ಗಾಜಿನ ಪೆಟ್ಟಿಗೆಯ ಮುಂದೆ ಕೂತು ಫ್ಲಾಸ್ಕ್ ತೆರೆದೆ. ಮೂರನೆಯ ದಿನ ಮೇಡಂ ಆ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದರು. ಒಳಗೆ ಹತ್ತಿಯ ಎಳೆಯಂಥ ಬೂಷ್ಟು ತೇಲುತ್ತಿತ್ತು.

"ನೋಡಿ ರುದ್ರೇಶ್, ನಿಮ್ಮ ಹಣೆ ಮೇಲಿಂದಾನೇ ಬಂತು ಅಂತ ಹೇಳಕ್ಕಾಗಲ್ಲ. ಕೂದಲಿಂದ್ಲೂ ಬಂದಿರ್ಬೋದು, ಅಂಗಿಯಿಂದ್ಲೂ ಬಂದಿರ್ಬೋದು. ವಿಭೂತಿ ಹಚ್ಬೇಡಿ ಅಂತ ನಾನು ಅನ್ನಲ್ಲ. ಒದ್ದೆ ಮಾಡಿ ಹಚ್ಕೊಳ್ಳಿ, ಉದುರಲ್ಲ. ಇಲ್ಲಿಗೆ ಬಂದಾಗ ಟೋಪಿ ಹಾಕ್ಕೊಳ್ಳಿ. ನಾನೂ ತಲೆ ಮುಚ್ಕೊಂಡೇ ಅಲ್ವಾ ಕೂರೋದು?"

ಬೈದಿದ್ದರೆ ಮರೆತುಬಿಡುತ್ತಿದ್ದೆ. ಅವರು ಬೈಯಲಿಲ್ಲ. ಆ ಫ್ಲಾಸ್ಕಿನ ಕೋಶಗಳು ಬೇರೆಯವರ ಎರಡು ತಿಂಗಳ ಕೆಲಸವಾಗಿತ್ತೆಂದು ನನಗೆ ಬಹಳ ದಿನಗಳ ಮೇಲೆ ಬೇರೆಯವರಿಂದ ತಿಳಿಯಿತು.

ಆಗಿನ ದಿನಗಳಲ್ಲಿ ಗಾಜಿನ ಪಿಪೆಟ್ಟಿಗೆ ಬಾಯಿ ಹಚ್ಚಿ ದ್ರವ ಎಳೆಯುತ್ತಿದ್ದೆವು. ಒಮ್ಮೆ ನನ್ನ ಬಾಯಿಗೇ ಬಂದು, ಇಡೀ ದಿನ ನಾಲಿಗೆ ಉಪ್ಪುಪ್ಪಾಗಿತ್ತು. ಆಮೇಲೆ ರಬ್ಬರ್ ಬುಗ್ಗೆ ಬಂತು, ಆಮೇಲೆ ಬಟನ್ ಒತ್ತಿದರೆ ಎಳೆಯುವ ಯಂತ್ರ ಬಂತು. ಬೆಳಗಿನ ಅರ್ಧ ಭಾಗ ಗಾಜು ತೊಳೆದು ಕುದಿಸುವುದರಲ್ಲಿ ಹೋಗುತ್ತಿತ್ತು. ಈಗ ಎಲ್ಲ ಪ್ಲಾಸ್ಟಿಕ್, ಬಳಸಿ ಬಿಸಾಡುವುದು. ಈಗಿನವರು ಅದೃಷ್ಟವಂತರು. ಆದರೆ ಗಾಜು ತೊಳೆಯುತ್ತಾ ಮೇಡಂ ಹೇಳುತ್ತಿದ್ದ ಮಾತುಗಳು ಅವರಿಗೆ ಸಿಗುವುದಿಲ್ಲ ಎಂದು ಸ್ವಲ್ಪ ಬೇಸರವೂ ಆಗುತ್ತದೆ.

ಒಂದು ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಯಿತು. ಜನರೇಟರ್ ಕೆಟ್ಟಿತ್ತು. ಇನ್‌ಕ್ಯುಬೇಟರಿನ ಶಾಖ ಇಳಿಯತೊಡಗಿತು. ಮೇಡಂ ಕ್ಯಾಂಟೀನಿನಿಂದ ಬಿಸಿನೀರು ತರಿಸಿ, ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿದರು. "ಎಳೆ ಕೂಸಿಗೆ ನೀರು ಹಾಕ್ವಾಗ ನೋಡ್ತೀವಲ್ಲ, ಹಂಗೆ," ಎಂದರು. ಫ್ಲಾಸ್ಕುಗಳ ಮುಚ್ಚಳ ಬಿಗಿಮಾಡಿ ಆ ನೀರಿನಲ್ಲಿ ನಿಲ್ಲಿಸಿದೆವು. ಕರೆಂಟ್ ಬರುವವರೆಗೆ ಥರ್ಮಾಮೀಟರ್ ನೋಡುತ್ತಾ, ಬಿಸಿನೀರು ಸೇರಿಸುತ್ತಾ ಕೂತೆವು. ಕೋಶಗಳು ಬದುಕಿಕೊಂಡವು.

ಮೇಡಂ ನಿವೃತ್ತರಾಗಿ ಕುಣಿಗಲ್‌ಗೆ ಹೋದ ಮೇಲೆ ಅವರ ಜಾಗ ನನಗೆ ಬಂತು. ಕೆಲವು ವರ್ಷ ಕಳೆದು ರೇಖಾ ಪಿಎಚ್.ಡಿ. ಮಾಡಲು ಬಂದಳು. ದಿನಾ ಗುಬ್ಬಿಯಿಂದ ಟ್ರೇನಿನಲ್ಲಿ ಬಂದು ಹೋಗುತ್ತಿದ್ದಳು. ಇನ್ನು ಮುಂದೆ ಹೇಳುವುದು ಅವಳ ಕೆಲಸದ ಕಥೆ, ನನ್ನ ತಪ್ಪಿನ ಕಥೆ.

ನಮ್ಮ ಮುಖ್ಯಸ್ಥರು ಮೂರ್ತಿ ಸರ್. ಅವರು ಅವಳಿಗೆ ಕೊಟ್ಟ ಪ್ರಶ್ನೆ ಇದು: ನಾವು ತಿನ್ನುವ ತುಪ್ಪ, ಪಾಮ್ ಎಣ್ಣೆಗಳಲ್ಲಿರುವ ಪಾಲ್ಮಿಟಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಮೆದುಳಿನ ಈ ಕಾವಲು ಕೋಶಗಳನ್ನು ಕೆರಳಿಸುತ್ತದೆಯೇ?

ಕೇಳಲು ಸುಲಭ. ಆದರೆ ಆ ಆಮ್ಲ ನೀರಿನಲ್ಲಿ ಕರಗುವುದಿಲ್ಲ. ಮೇಣದಬತ್ತಿ ಕೆರೆದ ಹಾಗೆ ಬಿಳಿ ಚಕ್ಕೆಯಾಗಿರುತ್ತದೆ. ರಕ್ತದಲ್ಲಾದರೆ ಆಲ್ಬುಮಿನ್ ಎಂಬ ಪ್ರೋಟೀನು ಅದನ್ನು ಹೊತ್ತು ತಿರುಗುತ್ತದೆ. ಲ್ಯಾಬಿನಲ್ಲಿ ನಾವು ಆಮ್ಲವನ್ನು ಮೊದಲು ಆಲ್ಕೊಹಾಲಿನಲ್ಲೋ ನೀರು ಬೆರೆಸಿದ ಕಾಸ್ಟಿಕ್ ಸೋಡಾದಲ್ಲೋ ಕರಗಿಸಿ, ಆಲ್ಬುಮಿನ್ ದ್ರವಕ್ಕೆ ಸೇರಿಸಿ, ಆಮೇಲೆ ಕೋಶಗಳಿಗೆ ಕೊಡುತ್ತೇವೆ. ಕರಗಿಸಿ ಕೋಶಗಳಿಗೆ ಹಾಕುವ ಆ ಕೆಲಸ ನನ್ನದು. ನಜೀಮಾ ಮೇಡಂ ಕಲಿಸಿದ ದಾರಿ ನನಗೆ ಗೊತ್ತಿತ್ತು. ಆಲ್ಕೊಹಾಲಿನಲ್ಲಿ ಕರಗಿಸಿ, ದೊಡ್ಡ ಬಾಟಲಿಯ ಆಲ್ಬುಮಿನ್‌ಗೆ ಬೆರೆಸಿ, ಚಿಕ್ಕ ಟ್ಯೂಬುಗಳಲ್ಲಿ ಫ್ರಿಜ್‌ನಲ್ಲಿಟ್ಟು, ಬೇಕಾದಾಗ ತೆಗೆದು ಬೆಚ್ಚಗೆ ಮಾಡಿ ಹಾಕುವುದು. ಹಿಂದೆ ಲಿವರ್ ಕೋಶಗಳ ಕೆಲಸಕ್ಕೆ ವರ್ಷಗಟ್ಟಲೆ ಹಾಗೇ ಮಾಡಿದ್ದೆವು.

ರೇಖಾಳ ಪ್ರಯೋಗ ಚೆನ್ನಾಗಿಯೇ ನಡೆಯಿತು. ಪಡ್ಡಿನ ಹಂಚಿನ ಹಾಗೆ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶಗಳಿರುತ್ತವೆ. ಕೆಲವು ಗುಳಿಗಳಿಗೆ ಕೊಬ್ಬಿನಾಮ್ಲ ಹಾಕುತ್ತೇವೆ, ಹೋಲಿಕೆಗಾಗಿ ಕೆಲವಕ್ಕೆ ಹಾಕುವುದಿಲ್ಲ. ಆ ಹೋಲಿಕೆ ಗುಳಿಗಳನ್ನು ಕಂಟ್ರೋಲ್ ಎನ್ನುತ್ತಾರೆ. ಮರುದಿನ ದ್ರವ ತೆಗೆದು ಪರೀಕ್ಷಿಸಿದರೆ, ಉರಿಯೂತದ ಪ್ರೋಟೀನು ಇದ್ದಲ್ಲಿ ಹಳದಿ ಬಣ್ಣ ಬರುತ್ತದೆ. ಆಮ್ಲ ಹಾಕಿದ ಗುಳಿಗಳು ಗಾಢ ಹಳದಿ, ಕಂಟ್ರೋಲ್ ಬಿಳಿಚು. ಪ್ರತಿ ಸಲವೂ ಹಾಗೆಯೇ. ಎರಡು ವರ್ಷದ ಫಲಿತಾಂಶ ಸೇರಿಸಿ ಸರ್ ಮತ್ತು ರೇಖಾ ಒಂದು ಪ್ರಬಂಧ ಬರೆದರು. ಒಂದು ವಿಜ್ಞಾನ ಪತ್ರಿಕೆ ಅದನ್ನು ಒಪ್ಪಿಕೊಂಡಿತು. ರೇಖಾ ಗುಬ್ಬಿಯಿಂದ ಒಂದು ಡಬ್ಬಿ ಮೈಸೂರ್ ಪಾಕ್ ತಂದಳು.

ಆಮೇಲೆ ನನ್ನ ಹೆಂಡತಿ ಗಿರಿಜಾಗೆ ಪಿತ್ತಕೋಶದ ಆಪರೇಷನ್ ಆಯಿತು. ಮೂರು ವಾರ ರಜೆ ಹಾಕಿದೆ. ಅಷ್ಟು ದಿನ ಕೊಬ್ಬಿನಾಮ್ಲವನ್ನು ರೇಖಾ ತಾನೇ ಕರಗಿಸಿ ಹಾಕಿಕೊಂಡಳು.

ನಾನು ತಿರುಗಿ ಹೋದ ದಿನ ಅವಳು ತಟ್ಟೆ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತಿದ್ದಳು. ತಟ್ಟೆ ಪೂರ್ತಿ ಬಿಳಿಚಿಕೊಂಡಿತ್ತು.

"ಮೂರು ಸಲ ಮಾಡ್ದೆ ರುದ್ರೇಶಣ್ಣ. ಮೂರು ಸಲಾನೂ ಹಿಂಗೇ. ನಂಗೆ ಈ ಕೆಲ್ಸ ಮಾಡಕ್ಕೇ ಬರಲ್ವೇನೋ."

"ಹಂಗೇನಿಲ್ಲ ಕಣಮ್ಮ, ನಾನು ಮಾಡ್ಕೊಡ್ತೀನಿ ಇರು," ಎಂದೆ.

ಮಾಡಿದೆ. ಮರುದಿನ ಹಳದಿ ಬಂತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಡಾಕ್ಟರೇಟು ಮಾಡುವವರಿಗೆ ಆಗದ್ದು ನನ್ನ ಕೈಯಲ್ಲಾಗುತ್ತದೆ ಎಂದು. ಮೂರ್ತಿ ಸರ್ ಬಂದು ತಟ್ಟೆ ನೋಡಿದರು. ನಾನು ನಗುತ್ತಾ, "ಕೈಗುಣ ಸರ್," ಎಂದೆ. ಅವರು ನಗಲಿಲ್ಲ.

"ಕೈಗುಣ ಅನ್ನೋದು ಅಡುಗೆಗೆ ಸರಿ ರುದ್ರೇಶ್. ಇಲ್ಲಿ ಒಬ್ರ ಕೈಗೆ ಬರೋದು ಇನ್ನೊಬ್ರ ಕೈಗೆ ಬರಲ್ಲ ಅಂದ್ರೆ ನಮಗೆ ಗೊತ್ತಿಲ್ದೆ ಏನೋ ನಡೀತಿದೆ ಅಂತ. ನಾಳೆ ರೇಖಾ ಮಾಡ್ಲಿ, ನೀವು ಪಕ್ಕದಲ್ಲಿ ಕೂತು ಪ್ರತಿಯೊಂದೂ ಬರ್ಕೊಳ್ಳಿ. ಸೋಮವಾರ ನೀವು ಮಾಡಿ, ಅವಳು ಬರ್ಕೊಳ್ಲಿ."

ಮರುದಿನ ಶನಿವಾರ. ಒಂದು ನೋಟ್ ಪುಸ್ತಕ ಹಿಡಿದು ರೇಖಾಳ ಪಕ್ಕದಲ್ಲಿ ಕೂತೆ. ಅವಳು ಆಮ್ಲವನ್ನು ಕಾಸ್ಟಿಕ್ ಸೋಡಾದಲ್ಲಿ ಹಾಕಿ ಎಪ್ಪತ್ತು ಡಿಗ್ರಿಗೆ ಕಾಯಿಸಿದಳು. ನೀರಿನಷ್ಟು ತಿಳಿಯಾಯಿತು. ಬೆಚ್ಚಗಿನ ಆಲ್ಬುಮಿನ್‌ಗೆ ಹನಿಹನಿಯಾಗಿ ಬಿಟ್ಟಳು. ಆಲ್ಬುಮಿನ್ ಹೊಸ ಬಾಟಲಿಯದು. ನಾನು ಬಳಸುತ್ತಿದ್ದ ಹಳೆಯ ಬಾಟಲಿ ಕೋಲ್ಡ್ ರೂಮಿನ ಹಿಂದಿನ ಡಬ್ಬದಲ್ಲಿತ್ತು, ಅವಳಿಗೆ ಸಿಕ್ಕಿರಲಿಲ್ಲ. ನಾನು ಫ್ರಿಜ್‌ನಿಂದ ನನ್ನ ಟ್ಯೂಬೊಂದನ್ನು ತಂದು ಅವಳದರ ಪಕ್ಕದಲ್ಲಿಟ್ಟು ಬೆಳಕಿಗೆ ಹಿಡಿದೆ. ನನ್ನದರಲ್ಲಿ ಸಣ್ಣ ಸಣ್ಣ ಚೂರುಗಳು ಹೊಳೆಯುತ್ತಿದ್ದವು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಹೆಪ್ಪುಗಟ್ಟುವುದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ಇದನ್ನು ಇಷ್ಟು ವರ್ಷ ಬೆಳಕಿಗೆ ಹಿಡಿದೇ ನೋಡಿರಲಿಲ್ಲ.

ಇದನ್ನೆಲ್ಲ ಬರೆದುಕೊಂಡೆ. ಕೊನೆಯಲ್ಲಿ ರೇಖಾ ಕಂಟ್ರೋಲ್ ಗುಳಿಗಳಿಗೂ ಪಿಪೆಟ್ಟಿನಿಂದ ಏನೋ ಹಾಕತೊಡಗಿದಳು.

"ಅಲ್ಲಿಗೆ ಏನಮ್ಮ ಹಾಕ್ತಿರೋದು?" ಎಂದೆ.

"ಆಲ್ಬುಮಿನ್ ಅಣ್ಣ. ಕೊಬ್ಬು ಇಲ್ದೇ ಇರೋ ಆಲ್ಬುಮಿನ್. ಇದಕ್ಕೂ ಅದಕ್ಕೂ ಕೊಬ್ಬೊಂದೇ ವ್ಯತ್ಯಾಸ ಇರ್ಬೇಕಲ್ವಾ? ನೀವೂ ಹಾಕ್ತಿದ್ರಿ ತಾನೆ?"

ನಾನು ಹಾಕುತ್ತಿರಲಿಲ್ಲ. ಎರಡು ವರ್ಷವೂ ಹಾಕಿರಲಿಲ್ಲ. ಕಂಟ್ರೋಲ್‌ಗೆ ಬರೀ ಆಹಾರದ ದ್ರವ ಹಾಕಿ, ಆಲ್ಬುಮಿನ್ ಉಳಿಸುತ್ತಿದ್ದೆ. ಲಿವರ್ ಕೋಶಗಳ ಕಾಲದಿಂದ ಬಂದ ಅಭ್ಯಾಸ. ಅವಳ ಪ್ರಶ್ನೆ ಕಿವಿಗೆ ಬಿದ್ದ ಕ್ಷಣವೇ ನನಗೆ ಅರ್ಥವಾಗಿಬಿಟ್ಟಿತು. ನಮ್ಮ ಹಳದಿ ಬಣ್ಣ ಕೊಬ್ಬಿನಿಂದ ಬಂದಿದ್ದೋ, ಹಳೆಯ ಬಾಟಲಿಯ ಆಲ್ಬುಮಿನ್‌ನಿಂದ ಬಂದಿದ್ದೋ, ಹೇಳಲು ಯಾವ ದಾರಿಯೂ ಇರಲಿಲ್ಲ.

"ಹ್ಞೂಂ," ಎಂದೆ.

ಅವಳು ಟ್ರೇನಿಗೆ ಹೊರಟಳು. ನಾನು ಮನೆಗೆ ಬಂದೆ. ತಪ್ಪಿಸಿಕೊಳ್ಳುವ ದಾರಿ ಕಣ್ಣ ಮುಂದೆಯೇ ಇತ್ತು. ಸೋಮವಾರ ಹೊಸ ಬಾಟಲಿ ತೆಗೆದುಕೊಂಡು, ಕಂಟ್ರೋಲ್‌ಗೂ ಆಲ್ಬುಮಿನ್ ಹಾಕಿಬಿಟ್ಟರೆ ನನ್ನ ತಟ್ಟೆಯೂ ಬಿಳಿಚುತ್ತದೆ. ಫ್ರಿಜ್‌ನ ಚೂರುಗಳ ಮೇಲೆ ತಪ್ಪು ಹೊರಿಸಿದರಾಯಿತು. ಯಾರಿಗೂ ತಿಳಿಯುವುದಿಲ್ಲ. ನಿವೃತ್ತಿಗೆ ಉಳಿದಿದ್ದು ಎರಡೇ ವರ್ಷ.

ಭಾನುವಾರ ಬೆಳಿಗ್ಗೆ ಕುಣಿಗಲ್ ಬಸ್ ಹತ್ತಿದೆ. ನಜೀಮಾ ಮೇಡಂ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿ ಜಗಲಿಯಲ್ಲಿ ಕೂತಿದ್ದರು. ಟೀ ಕುಡಿಯುತ್ತಾ ಎಲ್ಲ ಹೇಳಿದೆ.

"ಕಂಟ್ರೋಲ್‌ಗೆ ಆಲ್ಬುಮಿನ್ ಬೇಡ ಅಂತ ನಾನೇ ನಿಮಗೆ ಹೇಳ್ಕೊಟ್ಟಿದ್ದು," ಎಂದರು. "ಆಗ ಕೋಶದೊಳಗೆ ಎಷ್ಟು ಕೊಬ್ಬು ತುಂಬ್ಕೊಂತು ಅಂತ ಮಾತ್ರ ನೋಡ್ತಿದ್ವಿ. ಅದಕ್ಕೆ ನಡೀತಿತ್ತು. ಇದಕ್ಕೆ ನಡೆಯಲ್ಲ. ನನ್ನ ಹೆಸ್ರೂ ಹೇಳಿ."

"ಹೇಳ್ಲೇಬೇಕಾ ಮೇಡಂ?"

"ಹೇಳ್ದೇ ಇದ್ರೆ ಎರಡು ವರ್ಷ ಆ ಹುಡ್ಗಿ ಮುಖ ಹೆಂಗ್ರೀ ನೋಡ್ತೀರಾ? ದಿನಾ ಬೆಳಿಗ್ಗೆ ಅಣ್ಣ ಅಂತ ಬರ್ತಾಳೆ ಅಂತೀರಾ."

ಅವರು ಒಳಗಿನಿಂದ ಒಂದು ಟಿಫಿನ್ ಡಬ್ಬಿಯಲ್ಲಿ ಶಾವಿಗೆ ಪಾಯಸ ಹಾಕಿಕೊಟ್ಟು, "ಗಿರಿಜಾಗೆ ಕೊಡಿ, ಆಪರೇಷನ್ ಆಗಿದೆ ಅಂದ್ರಲ್ಲ," ಎಂದರು. ಬಸ್ಸು ದೊಡ್ಡ ಕೆರೆಯ ಪಕ್ಕ ಬರುವಾಗ ನನ್ನ ಮನಸ್ಸು ಗಟ್ಟಿಯಾಗಿತ್ತು.

ಸೋಮವಾರ ಮೊದಲು ರೇಖಾಳಿಗೇ ಹೇಳಿದೆ. ಅವಳು ಬರೆಯಲು ತೆರೆದಿಟ್ಟಿದ್ದ ನೋಟ್ ಪುಸ್ತಕವನ್ನು ಮುಚ್ಚಿದಳು.

"ಶನಿವಾರ ನಿಮ್ಮನ್ನ ಕೇಳಿದ್ನಲ್ಲ ಅಣ್ಣ. ಹ್ಞೂಂ ಅಂದ್ರಿ."

"ಹ್ಞೂಂ ಅಂದೆ. ಸುಳ್ಳು ಹೇಳ್ದೆ."

ಅವಳು ಬ್ಯಾಗು ತೆಗೆದುಕೊಂಡು ಮಧ್ಯಾಹ್ನದ ಟ್ರೇನಿಗೇ ಹೋಗಿಬಿಟ್ಟಳು. ಅವಳ ಬೆನ್ನು ನೋಡುತ್ತಾ ನಿಂತದ್ದು ನನ್ನ ಇಡೀ ಸರ್ವಿಸಿನಲ್ಲೇ ಅತಿ ಕಷ್ಟದ ಹೊತ್ತು.

ಮೂರ್ತಿ ಸರ್ ಕೋಪಿಸಿಕೊಳ್ಳುತ್ತಾರೆಂದು ಕಾದೆ. ಅವರು ಕೇಳಿ ಮುಗಿಸಿ, "ಹಳೇ ಬಾಟ್ಲಿ ಇನ್ನೂ ಇದ್ಯಾ?" ಎಂದಷ್ಟೇ ಕೇಳಿದರು. ಇತ್ತು. ಅದರ ಆಲ್ಬುಮಿನ್ ಒಂದನ್ನೇ, ಕೊಬ್ಬು ಒಂದು ಚೂರೂ ಇಲ್ಲದೆ, ಕೋಶಗಳಿಗೆ ಹಾಕಿಸಿದರು. ಮರುದಿನ ತಟ್ಟೆ ಹಳದಿಯಾಯಿತು. ಆ ಬಾಟಲಿಯಲ್ಲಿ ಬ್ಯಾಕ್ಟೀರಿಯಾದ ಹೊರಪದರದ ಅಂಶ ಸೇರಿಕೊಂಡಿತ್ತು. ಕಣ್ಣಿಗೆ ಕಾಣುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಲಿವರ್ ಕೋಶಗಳ ಕೆಲಸದಲ್ಲಿ ಅದು ಗಮನಕ್ಕೇ ಬಂದಿರಲಿಲ್ಲ. ರೋಗಾಣು ಹಿಡಿಯುವುದೇ ಕೆಲಸವಾದ ಈ ಕಾವಲು ಕೋಶಗಳು, ಬ್ಯಾಕ್ಟೀರಿಯಾ ಬಂತೆಂದು ಎದ್ದು ನಿಂತಿದ್ದವು. ಅವು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದವು.

ಸರ್ ನನ್ನ ಎದುರೇ ಕೂತು, ಪ್ರಬಂಧ ಹಿಂದಕ್ಕೆ ಪಡೆಯುತ್ತೇವೆಂದು ಪತ್ರಿಕೆಗೆ ಕಾಗದ ಬರೆದರು. "ಟೆಕ್ನಿಷಿಯನ್ ತಪ್ಪು ಅಂತ ಬರೀರಿ ಸರ್," ಎಂದೆ.

"ಎರಡು ವರ್ಷದಲ್ಲಿ ಒಂದು ದಿನಾನೂ ನಾನು ನಿಮ್ಮ ಪಕ್ಕ ನಿಂತು ನೋಡ್ಲಿಲ್ಲ. ತಟ್ಟೆ ಹಳದಿ ಆಯ್ತಾ, ಸಾಕು ಅಂತಿದ್ದೆ. ನಮ್ಮ ಲ್ಯಾಬಿನ ತಪ್ಪು ಅಂತಾನೇ ಬರೀತೀನಿ," ಎಂದರು.

ಅಂಥ ಮೇಲಧಿಕಾರಿ ನಿಮಗೂ ಸಿಗಲಿ ಎಂದಷ್ಟೇ ನಾನು ಫೋನ್ ಮಾಡುವ ಆ ಹೆಣ್ಣುಮಕ್ಕಳಿಗೆ ಹೇಳಬಲ್ಲೆ.

ರೇಖಾ ಐದನೆಯ ದಿನ ಬಂದಳು. ಕಣ್ಣು ಊದಿಕೊಂಡಿತ್ತು. ಕೈಯಲ್ಲಿ ಒಂದು ಪಟ್ಟಿ ಇತ್ತು. ನನ್ನ ಮುಖ ನೋಡದೆ ಸರ್ ಹತ್ತಿರ ಹೇಳಿದಳು: "ಸರ್, ಕೊಬ್ಬು ಕೆರಳಿಸುತ್ತಾ ಇಲ್ವಾ ಅನ್ನೋದು ಆಮೇಲೆ. ಕೊಬ್ಬನ್ನ ಹೆಂಗೆ ಕರಗಿಸ್ತೀವಿ ಅನ್ನೋದ್ರಿಂದ್ಲೇ ಉತ್ತರ ಬದಲಾಗ್ತಿದೆ. ನಂಗೆ ಅದನ್ನೇ ನೋಡ್ಬೇಕು. ರುದ್ರೇಶಣ್ಣನ ದಾರಿ, ನನ್ನ ದಾರಿ, ಎಲ್ಲಾ ಪಕ್ಕಪಕ್ಕ ಇಟ್ಟು."

ಆಮೇಲಿನ ಒಂದೂವರೆ ವರ್ಷ ನನ್ನ ಕೆಲಸದ ಅತ್ಯಂತ ಒಳ್ಳೆಯ ದಿನಗಳು. ಮೊದಲ ಎರಡು ತಿಂಗಳು ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ನಾನು ಅಳೆದದ್ದನ್ನು ಅವಳು ಎರಡನೆಯ ಸಲ ಅಳೆಯುತ್ತಿದ್ದಳು. ನನಗೆ ಬೇಸರವಾಗಲಿಲ್ಲ. ಅಳೆಯಬೇಕಾದ್ದೇ. ಒಂದು ದಿನ ಅವಳು ಮೈಕ್ರೋಸ್ಕೋಪಿನಿಂದ ತಲೆಯೆತ್ತದೆಯೇ ಕೈ ಮಾಡಿ ಕರೆದಳು.

"ಅಣ್ಣ, ಇಲ್ಲಿ ಬಂದು ನೋಡಿ."

ಆಲ್ಬುಮಿನ್ ಇಲ್ಲದೆ, ಬರೀ ಆಲ್ಕೊಹಾಲಿನಲ್ಲಿ ಕರಗಿಸಿ ಹಾಕಿದ ಗುಳಿ ಅದು. ಕೊಬ್ಬಿನಾಮ್ಲ ಮತ್ತೆ ಗಟ್ಟಿಯಾಗಿ ಸೂಜಿಯಂಥ ಹರಳುಗಳಾಗಿತ್ತು. ಒಂದೊಂದು ಸೂಜಿಯ ಸುತ್ತಲೂ ನಾಲ್ಕೈದು ಕೋಶಗಳು ಮುತ್ತಿಕೊಂಡು ಅದನ್ನು ನುಂಗಲು ಹೆಣಗುತ್ತಿದ್ದವು. ಕೆಲವು ನುಂಗಿ ಹರಿದು ಸತ್ತಿದ್ದವು. ಇಷ್ಟು ವರ್ಷ ಸಾಕಿದ ಕೋಶಗಳು, ಅವು ಪಡುತ್ತಿದ್ದ ಪಾಡನ್ನು ನಾನು ಮೊದಲ ಸಲ ನೋಡಿದೆ. ನಾವಿಬ್ಬರೂ ಸರದಿಯ ಮೇಲೆ ಅದನ್ನೇ ನೋಡುತ್ತಾ ಕೂತೆವು. ಆವತ್ತಿನಿಂದ ಅವಳು ಮೊದಲಿನಂತೆ ಮಾತಾಡತೊಡಗಿದಳು.

ನಮ್ಮ ಲ್ಯಾಬಿನಲ್ಲಿ ನಾವು ಕಂಡದ್ದು ಇಷ್ಟು. ಸೂಜಿಯಾದ ಕೊಬ್ಬು ಕೋಶಗಳನ್ನು ಕೊಲ್ಲುತ್ತದೆ. ಕೊಳಕು ಆಲ್ಬುಮಿನ್ ಕೊಬ್ಬಿಲ್ಲದೆಯೂ ಕೆರಳಿಸುತ್ತದೆ. ಶುದ್ಧ ಆಲ್ಬುಮಿನ್‌ನಲ್ಲಿ, ಚೆನ್ನಾಗಿ ಕಾಯಿಸಿ ಕರಗಿಸಿದ ಕೊಬ್ಬು ಕೋಶಗಳನ್ನು ಸ್ವಲ್ಪ ಮಾತ್ರ ಕದಲಿಸುತ್ತದೆ. ಆ ಸ್ವಲ್ಪವೇ ನಿಜವಾದ ಉತ್ತರ. ಅದು ಮೊದಲಿನ ಗಾಢ ಹಳದಿಯಂತೆ ಯಾರ ಕಣ್ಣನ್ನೂ ಸೆಳೆಯುವುದಿಲ್ಲ. ಆದರೆ ನಾನು ಮಾಡಿದರೂ ರೇಖಾ ಮಾಡಿದರೂ ಅಷ್ಟೇ ಬರುತ್ತಿತ್ತು.

ಅವಳ ವೈವಾ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು, ಮೊದಲ ಎರಡು ವರ್ಷದ ಫಲಿತಾಂಶವನ್ನು ನಂಬಬಹುದೇ ಎಂದು ಕೇಳಿದರು. ನಂಬಬಾರದು ಎಂದು ರೇಖಾ ನೇರವಾಗಿ ಹೇಳಿ, ಏಕೆಂದು ವಿವರಿಸಿದಳು. ಅವರು ಮುಂದಿನ ಪುಟ ತಿರುಗಿಸಿದರು.

ಪದವಿ ಬಂದ ಮೇಲೆ ಅವಳು ದಪ್ಪ ರಟ್ಟಿನ ಥೀಸಿಸ್ ಪ್ರತಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಕೃತಜ್ಞತೆಯ ಪುಟ ತೆಗೆದೆ. ಸರ್ ಹೆಸರಿತ್ತು, ಅವಳ ಅಪ್ಪ ಅಮ್ಮನ ಹೆಸರಿತ್ತು, ಗೆಳತಿಯರದಿತ್ತು. ನನ್ನದಿರಲಿಲ್ಲ. ಮುಖದಲ್ಲಿ ತೋರಗೊಡಬಾರದೆಂದು, "ಬೈಂಡಿಂಗ್ ಚೆನ್ನಾಗಿದೆ ಕಣಮ್ಮ," ಎಂದೆ.

"ಅಲ್ಲಲ್ಲ ಅಣ್ಣ, ವಿಧಾನದ ಅಧ್ಯಾಯ ನೋಡಿ," ಎಂದು ಅವಳೇ ಪುಟ ತಿರುವಿ ತೋರಿಸಿದಳು.

ಇಂಗ್ಲಿಷಿನಲ್ಲಿತ್ತು. ಅದರ ತಾತ್ಪರ್ಯ ಇಷ್ಟು: ಆರಂಭದ ಪ್ರಯೋಗಗಳ ಕಂಟ್ರೋಲ್‌ನಲ್ಲಿ ಆಲ್ಬುಮಿನ್ ಇರಲಿಲ್ಲ, ಈ ಕೊರತೆಯನ್ನು ಕೊಬ್ಬಿನಾಮ್ಲ ತಯಾರಿಸುತ್ತಿದ್ದ ರುದ್ರೇಶ್ ಅವರು ತಾವಾಗಿಯೇ ತಿಳಿಸಿದರು, ಈ ಥೀಸಿಸ್‌ನ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಅದರ ಕೆಳಗೆ ನನ್ನ ದಾರಿ, ಅವಳ ದಾರಿ, ಹಂತಹಂತವಾಗಿ, ಡಿಗ್ರಿ ನಿಮಿಷಗಳ ಸಮೇತ ಇದ್ದವು.

ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

"ಥ್ಯಾಂಕ್ಸ್ ಪೇಜು ಮನೆಯವ್ರು ಓದ್ತಾರೆ ಅಷ್ಟೆ," ಎಂದಳು ರೇಖಾ. "ಈ ಪುಟಾನ ಮುಂದೆ ಈ ಕೆಲ್ಸ ಮಾಡೋರೆಲ್ಲ ಓದ್ಲೇಬೇಕು ಅಣ್ಣ."

ಆ ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿದೆ. ಸಂಜೆ ಬಟವಾಡಿಯಲ್ಲಿ ಬಸ್ ಹತ್ತಿದವನು, ಶೆಟ್ಟಿಹಳ್ಳಿಯಲ್ಲಿ ಇಳಿದು ಮನೆಗೆ ಹೋಗಿ ಗಿರಿಜಾಗೆ ಓದಿ ಹೇಳುವವರೆಗೂ ಆ ಬೆರಳು ತೆಗೆಯಲಿಲ್ಲ.